ಜಿಪುಣಜ್ಜಿಯ ಬೇರು

ಕೇಂದ್ರದಲ್ಲಿ ಅವಳಿಗೆ ಎರಡು ಹೆಸರು. ಎದುರಿಗೆ ಮೇಡಂ, ಬೆನ್ನ ಹಿಂದೆ ಬೆವರಮ್ಮ. ಗೇಟಿನ ಕಾವಲುಗಾರನಿಂದ ಹಿಡಿದು ಮೊನ್ನೆ ತಾನೇ ಕೆಲಸಕ್ಕೆ ಸೇರಿದ ಟೈಪಿಸ್ಟಿನವರೆಗೆ ಎಲ್ಲರಿಗೂ ಆ ಹೆಸರು ಗೊತ್ತಿತ್ತು. ಅದು ತನ್ನ ಕಿವಿಗೆ ಬಿದ್ದೇ ಇಲ್ಲ ಎಂಬಂತೆ ಅವಳು ನಡೆದುಕೊಳ್ಳುತ್ತಾಳೆ ಎಂಬುದೂ ಗೊತ್ತಿತ್ತು. ಹೆಸರಿಟ್ಟವರು ಯಾರೋ ಹೊರಗಿನವರಾಗಿದ್ದರೆ ಒಂದೆರಡು ಬೈಗುಳದಲ್ಲಿ ಮುಗಿದುಹೋಗುತ್ತಿತ್ತು. ಇಟ್ಟದ್ದು ಸ್ವಂತ ಭಾವ, ಅಕ್ಕನ ಗಂಡ, ಕೇಂದ್ರದ ಹಿರಿಯ ವಿಜ್ಞಾನಿ. ಅವರ ಜೊತೆ ಮಾತಾಡುವಾಗ ಅವಳ ಬಾಯಲ್ಲಿ ಬಹುವಚನ, ಮನಸ್ಸಿನಲ್ಲಿ ಏಕವಚನ.

ಬೆಳೆಗೆ ಎಷ್ಟು ನೀರು ಬೇಕೆಂದು ಲೆಕ್ಕ ಹಾಕುವವರು ಎಲ್ಲ ಕಡೆ ಸಿಗುತ್ತಾರೆ. ಯಾರೂ ನೆಡದ, ಯಾರೂ ನೀರೆರೆಯದ ಮುಳ್ಳುಪೊದೆ ನೆಲದಿಂದ ಎಷ್ಟು ನೀರು ಹೀರಿ ಗಾಳಿಗೆ ಬಿಡುತ್ತದೆ ಎಂದು ತಲೆ ಕೆಡಿಸಿಕೊಳ್ಳುವವರು ಕಡಿಮೆ. ಒಣ ಬಯಲಿನ ಅಂಚಿನಲ್ಲಿದ್ದ ಈ ಕೇಂದ್ರಕ್ಕೆ ಮಾತ್ರ ಅದೇ ಕಸುಬು. ಕಣ್ಣು ಹಾಯುವಷ್ಟು ದೂರ ಪೊದೆಗಳೇ ತುಂಬಿರುವ ಕಡೆ, ಬಿದ್ದ ಅಷ್ಟಿಷ್ಟು ಮಳೆಯಲ್ಲಿ ಅವುಗಳ ಪಾಲು ಕಳೆದು ಉಳಿದದ್ದು ಮಾತ್ರ ನೆಲದಡಿಯ ನೀರಿಗೆ ಸೇರುತ್ತದೆ. ಆ ಪಾಲನ್ನು ತಪ್ಪಾಗಿ ಹೇಳಿದರೆ ಅದನ್ನು ನಂಬಿ ಬಾವಿ ತೋಡಿದವರ ಕಥೆ ಮುಗಿದ ಹಾಗೆ.

ಭಾವನ ಹತ್ತಿರ ಇದ್ದದ್ದು ತೂಕದ ತೊಟ್ಟಿ. ಆಳುದ್ದದ ಕಬ್ಬಿಣದ ತೊಟ್ಟಿ, ಅದರ ತುಂಬ ಬಯಲಿನದೇ ಮಣ್ಣು, ಮಣ್ಣಿನ ನಡುವೆ ಒಂದು ಮುಳ್ಳುಪೊದೆ. ನೆಲದಲ್ಲಿ ಗುಂಡಿ ತೋಡಿ, ಗುಂಡಿಗೆ ಗಾರೆ ಹಾಕಿ, ಒಳಗೊಂದು ದೊಡ್ಡ ತಕ್ಕಡಿ ಇಟ್ಟು, ಅದರ ಮೇಲೆ ಇಡೀ ತೊಟ್ಟಿಯನ್ನು ಕೂರಿಸಿದ್ದರು. ಪೊದೆ ನೀರು ಬಿಟ್ಟಷ್ಟೂ ತೊಟ್ಟಿ ಹಗುರಾಗಬೇಕು, ಎಷ್ಟು ಹಗುರಾಯಿತೆಂದು ತಕ್ಕಡಿ ಹೇಳಬೇಕು. ತಕ್ಕಡಿ ಹೇಳುತ್ತಿದ್ದದ್ದು ಬಹಳ ಕಡಿಮೆ. ಅದಕ್ಕೇ ಆ ಪೊದೆಗೆ ಜಿಪುಣಜ್ಜಿ ಎಂಬ ಹೆಸರು ಬಂದಿತ್ತು. ಹೆಸರಿಡುವುದರಲ್ಲಿ ಭಾವನದು ಎತ್ತಿದ ಕೈ. "ನಮ್ಮಜ್ಜಿ ಒಂದು ತೊಟ್ಟು ನೀರನ್ನೂ ಸುಮ್ಸುಮ್ನೆ ಬಿಡೋಳಲ್ಲ" ಎಂದು ಬಂದ ಅತಿಥಿಗಳ ಮುಂದೆ ಅವರು ಪೊದೆಯ ತಲೆ ಸವರುತ್ತಿದ್ದರು. ಒಮ್ಮೆ ಕೂರಿಸಿದ ತೊಟ್ಟಿಯನ್ನು ಮತ್ತೆ ಎತ್ತಿರಲಿಲ್ಲ. ಎತ್ತಿದರೆ ದಾಖಲೆಯ ಸಾಲು ಮುರಿಯುತ್ತದೆ. ಒಂದು ದಿನವೂ ತಪ್ಪದೆ ನಡೆದುಬಂದ ಅಂಥ ಸಾಲು ಬೇರೆಲ್ಲೂ ಇಲ್ಲ ಎಂಬುದು ಕೇಂದ್ರದ ಹೆಮ್ಮೆ. ಹಾಗಾಗಿ ಜಿಪುಣಜ್ಜಿಯನ್ನು ಅಲುಗಾಡಿಸಬಾರದು ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ಕಟ್ಟಳೆ.

ಅವಳ ಹತ್ತಿರ ಇದ್ದದ್ದು ಡೇರೆ. ಗಾಜಿನಂತೆ ತಿಳಿಯಾದ ತೆಳು ಪ್ಲಾಸ್ಟಿಕ್ಕಿನ ಡೇರೆ. ಬಯಲಿನಲ್ಲಿ ತಾನಾಗಿ ಬೆಳೆದ ಪೊದೆಯ ಮೇಲೆ ಅದನ್ನು ಸ್ವಲ್ಪ ಹೊತ್ತು ಕವುಚಿ, ಒಂದು ಕಡೆಯಿಂದ ಫ್ಯಾನು ಹಚ್ಚಿ, ಒಳಗೆ ಹೋದ ಗಾಳಿಗಿಂತ ಹೊರಗೆ ಬಂದ ಗಾಳಿಯಲ್ಲಿ ಎಷ್ಟು ತೇವ ಹೆಚ್ಚಿದೆ ಎಂದು ನೋಡುವ ಕೆಲಸ. ಪೊದೆಯಿಂದ ಪೊದೆಗೆ ಡೇರೆ ಹೊತ್ತು, ಮೈಕೈ ಪರಚಿಸಿಕೊಂಡು, ಬಿಸಿಲಲ್ಲಿ ಕಪ್ಪಾಗಿ ಅವಳು ಅಳೆದು ತಂದಳು. ಬಯಲಿನ ಪೊದೆಗಳು ಜಿಪುಣಜ್ಜಿಗಿಂತ ಎಷ್ಟೋ ಪಟ್ಟು ಹೆಚ್ಚು ನೀರು ಬಿಡುತ್ತಿದ್ದವು. ಎರಡರಲ್ಲಿ ಒಂದು ಸುಳ್ಳಿರಬೇಕು.

ಅದನ್ನು ಅವಳು ವರ್ಷದ ಸಭೆಯಲ್ಲಿ ಎಲ್ಲರ ಮುಂದೆ ಹೇಳಿದಳು. ಮಾತು ಮುಗಿಯುವ ಮೊದಲೇ ಭಾವ ಎದ್ದು ನಿಂತರು.

"ಪ್ಲಾಸ್ಟಿಕ್ ಹೊದಿಸಿ ಬಿಸಿಲಲ್ಲಿ ಕೂರಿಸಿದ್ರೆ ಗಿಡ ಏನು ಬಂತು, ನಾನೂ ಬೆವರ್ತೀನಿ. ಇದು ಗಿಡದ ಲೆಕ್ಕ ಅಲ್ಲಮ್ಮ, ಬೆವರಿನ ಲೆಕ್ಕ. ಕೂತ್ಕೋ ಬೆವರಮ್ಮ, ಸಾಕು."

ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಫ್ಯಾನು ಗಾಳಿಯನ್ನು ಬದಲಾಯಿಸುತ್ತಲೇ ಇದ್ದುದರಿಂದ ಡೇರೆಯೊಳಗೆ ಬಿಸಿ ಏರುತ್ತಿರಲಿಲ್ಲ, ಅದನ್ನೂ ಅವಳು ಅಳೆದು ಇಟ್ಟಿದ್ದಳು. ಯಾರು ಕೇಳಬೇಕು? ಅವಳು ಕೂತಳು. ಮುಂದೆ ಡೇರೆ ಗೋದಾಮಿಗೆ ಹೋಯಿತು, ಅವಳು ಉಪಕರಣಗಳ ಕೋಣೆಗೆ ಹೋದಳು. ಅಂದು ನಕ್ಕವರ ಕೆಟ್ಟ ಮೀಟರು, ತುಕ್ಕು ಹಿಡಿದ ತಕ್ಕಡಿಗಳನ್ನು ರಿಪೇರಿ ಮಾಡಿಕೊಡುವುದೇ ಅವಳ ವಿಜ್ಞಾನವಾಯಿತು.

ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ, ಕಾರಣ ಪುಟ್ಟಿ. ಅಕ್ಕ ತೀರಿಕೊಂಡಾಗ ಅಕ್ಕನ ಮಗಳಿಗೆ ಇನ್ನೂ ಹಾಲುಹಲ್ಲು ಪೂರ್ತಿ ಬಿದ್ದಿರಲಿಲ್ಲ. ಕ್ವಾರ್ಟರ್ಸಿನ ಬೀದಿಯಲ್ಲಿ ಭಾವನ ಮನೆ ಈಚೆ, ಅವಳ ಮನೆ ಆಚೆ. ಪುಟ್ಟಿ ಅಪ್ಪನ ಮನೆಯಲ್ಲಿ ಮಲಗಿ ಚಿಕ್ಕಮ್ಮನ ಮನೆಯಲ್ಲಿ ಬೆಳೆದಳು. ಜಡೆ ಹಾಕಿದ್ದು, ಜ್ವರಕ್ಕೆ ಒದ್ದೆ ಬಟ್ಟೆ ಇಟ್ಟದ್ದು, ಮಗ್ಗಿ ಬಾಯಿಪಾಠ ಮಾಡಿಸಿದ್ದು, ಮೊದಲ ಸಲ ಮುಟ್ಟಾದಾಗ ಹೆದರಬೇಡ ಎಂದದ್ದು ಎಲ್ಲ ಇವಳೇ. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ "ಪುರುಸೊತ್ತಾಗಲಿಲ್ಲ" ಎನ್ನುತ್ತಿದ್ದಳು. ಅದು ಸುಳ್ಳೂ ಅಲ್ಲ. ಭಾನುವಾರ ಮೂವರೂ ಒಂದೇ ಮೇಜಿಗೆ ಊಟಕ್ಕೆ ಕೂರುತ್ತಿದ್ದರು, ಭಾವ ಜಿಪುಣಜ್ಜಿಯ ಸುದ್ದಿ ಹೇಳುತ್ತಿದ್ದರು, ಅವಳು ಹಲ್ಲು ಕಚ್ಚಿಕೊಂಡು ಬಡಿಸುತ್ತಿದ್ದಳು.

ಬೇರು ಕಣ್ಣಿಗೆ ಬಿದ್ದದ್ದು ಒಂದು ಸಾಧಾರಣ ಬೆಳಿಗ್ಗೆ. ತೊಟ್ಟಿಯ ಪಕ್ಕದಲ್ಲಿ, ತಕ್ಕಡಿಯನ್ನು ನೋಡಿಕೊಳ್ಳಲೆಂದು, ಏಣಿಯಲ್ಲಿ ಇಳಿಯುವ ಒಂದು ಕಿರಿದಾದ ಕುಳಿ ಇತ್ತು. ಭಾವನ ಹೊಟ್ಟೆ ಆ ಕುಳಿಯ ಬಾಯಲ್ಲಿ ಇಳಿಯುವ ಕಾಲ ಎಂದೋ ಮುಗಿದಿತ್ತು. ತಕ್ಕಡಿಗೆ ಎಣ್ಣೆ ಹಾಕಲು ಅವಳು ಇಳಿದಳು, ಟಾರ್ಚ್ ಬಿಟ್ಟಳು. ತೊಟ್ಟಿಯ ತಳದಲ್ಲಿ ಹೆಚ್ಚಾದ ನೀರು ಬಸಿದುಹೋಗಲೆಂದು ಬಿಟ್ಟ ತೂತಿನಿಂದ ಏನೋ ಇಳಿದಿತ್ತು. ಮೊದಲು ಹಾವೆಂದುಕೊಂಡು ಜೀವ ಬಾಯಿಗೆ ಬಂತು. ಹಾವಲ್ಲ, ಬೇರು. ಹೆಬ್ಬೆರಳಿನ ಗಾತ್ರದ್ದು, ಗುಂಡಿಯ ಗಾರೆ ಬಿರುಕು ಬಿಟ್ಟ ಕಡೆ ನುಸುಳಿ ನೇರ ಪಾತಾಳಕ್ಕೆ ಹೋಗಿತ್ತು.

ಅವಳು ಏಣಿಯ ಮೇಲೆಯೇ ಕೂತುಬಿಟ್ಟಳು. ಜಿಪುಣಜ್ಜಿ ಜಿಪುಣಿಯಲ್ಲ, ಕಳ್ಳಿ. ಎಲ್ಲರೆದುರು ತೊಟ್ಟಿಯ ನೀರನ್ನು ಮುಟ್ಟದೆ, ಹಿತ್ತಲ ಬಾಗಿಲಿನಿಂದ ಹೋಗಿ ನೆಲದ ನೀರನ್ನು ಹೊಟ್ಟೆ ತುಂಬ ಕುಡಿಯುತ್ತಿದ್ದಾಳೆ. ತೊಟ್ಟಿ ಹಗುರಾಗುವುದಾದರೂ ಹೇಗೆ? ಡೇರೆ ಸರಿ ಇತ್ತು. ಅವಳು ಸರಿ ಇದ್ದಳು. ಅಷ್ಟು ಜನ ನಕ್ಕ ಆ ದಿನವೂ ಸರಿಯೇ ಇದ್ದಳು.

ಓಡಿಹೋಗಿ ಕೂಗಿ ಹೇಳಬೇಕೆಂದು ಎದ್ದವಳು ಏಣಿಯ ಮೇಲಿನ ಮೆಟ್ಟಿಲಲ್ಲಿ ನಿಂತಳು. ಈಗ ಹೇಳಿದರೆ ಏನಾಗುತ್ತದೆ? ಭಾವ ಬಾಗಿಲು ಮುಚ್ಚಿ ಕೂರುತ್ತಾರೆ, ಒಂದು ಸಣ್ಣ ತಿದ್ದುಪಡಿ ಪ್ರಕಟಿಸುತ್ತಾರೆ, ತಪ್ಪನ್ನು ತಾವೇ ಕಂಡುಹಿಡಿದ ಮಹಾನುಭಾವರೆಂದು ಇನ್ನೊಂದು ಹಾರ ಹಾಕಿಸಿಕೊಳ್ಳುತ್ತಾರೆ. ಇವಳನ್ನು ಕೂರಿಸಿದ್ದು ತುಂಬಿದ ಸಭೆಯಲ್ಲಿ. ಅವರನ್ನೂ ತುಂಬಿದ ಸಭೆಯಲ್ಲೇ ಕೂರಿಸಬೇಕು. ಏರಲಿ, ಇನ್ನೂ ಎತ್ತರಕ್ಕೆ ಏರಲಿ, ಬಿದ್ದಾಗ ಒಂದು ಮೂಳೆಯೂ ನೆಟ್ಟಗಿರಬಾರದು. ಹಾಗೆಂದುಕೊಂಡು ಅವಳು ಮತ್ತೆ ಕೆಳಗಿಳಿದಳು. ಬೇರು ತಕ್ಕಡಿಯ ತಂತಿಗೆ ಒರಗಿಕೊಂಡಿತ್ತು, ಒರಗಿದರೆ ತೂಕ ಏರುಪೇರಾಗುತ್ತದೆ. ಸುಳ್ಳು ಲೆಕ್ಕವೇ ಆದರೂ ತನ್ನ ಕೈಯಲ್ಲಿರುವ ತಕ್ಕಡಿ ತಪ್ಪು ತೂಗುವುದನ್ನು ಅವಳಿಂದ ಸಹಿಸಲಾಗಲಿಲ್ಲ. ತಂತಿಯನ್ನು ಬಿಡಿಸಿ, ಬೇರನ್ನು ಬಳಸಿಕೊಂಡು ಹೋಗುವ ಹಾಗೆ ಗೋಡೆಗೆ ಕ್ಲಿಪ್ ಹೊಡೆದು, ಓರಣವಾಗಿ ಕಟ್ಟಿ ಮೇಲೆ ಬಂದಳು.

ಅಂದಿನಿಂದ ಅವಳಂಥ ಒಳ್ಳೆಯ ನಾದಿನಿ ಇನ್ನೊಬ್ಬಳಿರಲಿಲ್ಲ. ಭಾವನಿಗೆ ಪದಕ ಬಂದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಪತ್ರಿಕೆಯಲ್ಲಿ ಅವರ ಫೋಟೋ ಬಂದಾಗ ಕತ್ತರಿಸಿ ಕೊಟ್ಟಳು. "ನಮ್ಮ ಬೆವರಮ್ಮನಿಗೆ ಕೊನೆಗೂ ಬುದ್ಧಿ ಬಂತು ನೋಡು" ಎಂದು ಭಾವ ಮಗಳ ಹತ್ತಿರ ಹೇಳಿದ್ದು ಅಡುಗೆಮನೆಯಲ್ಲಿದ್ದ ಅವಳಿಗೆ ಕೇಳಿಸಿತು. ಅವಳು ಕುದಿಯುವ ಪಾತ್ರೆಯ ಮುಚ್ಚಳವನ್ನು ಒತ್ತಿ ಹಿಡಿದುಕೊಂಡು ನಕ್ಕಳು. ಸೇಡಿನ ರುಚಿ ಕಾದಷ್ಟೂ ಹೆಚ್ಚುತ್ತದೆ ಎಂದು ಅವಳು ನಂಬಿದ್ದಳು, ದಿನಕ್ಕೊಮ್ಮೆ ಅದನ್ನು ನೆನೆದು ಚಪ್ಪರಿಸುತ್ತಿದ್ದಳು.

ಆದರೆ ಜಿಪುಣಜ್ಜಿಯ ಲೆಕ್ಕ ಕೇಂದ್ರದ ಬೇಲಿಯೊಳಗೆ ಉಳಿಯಲಿಲ್ಲ. ಪೊದೆಗಳು ಅಷ್ಟು ಕಡಿಮೆ ಕುಡಿಯುವುದಾದರೆ ನೆಲದಡಿ ನೀರು ಬೇಕಾದಷ್ಟಿರಬೇಕು ಎಂದು ನೀರಿನ ಇಲಾಖೆಯವರು ಗುಣಿಸಿ ಭಾಗಿಸಿ ನೋಡಿದರು. ಬಯಲಿನ ತಗ್ಗಿನಲ್ಲಿ ಹೊಸ ಬಡಾವಣೆಗೆ ಒಪ್ಪಿಗೆ ಸಿಕ್ಕಿತು, ಮನೆಗೊಂದು ಕೊಳವೆಬಾವಿ. ಮದುವೆಯಾಗಿ ಬಾಡಿಗೆ ಮನೆಯಲ್ಲಿದ್ದ ಪುಟ್ಟಿ ಒಂದು ಸಂಜೆ ಕುಣಿಯುತ್ತ ಬಂದು ಚಿಕ್ಕಮ್ಮನ ಮಂಚದ ಮೇಲೆ ಮನೆಯ ನಕ್ಷೆ ಹರಡಿದಳು.

"ನೋಡು ಚಿಕ್ಕಮ್ಮ, ಈ ರೂಮು ನಿಂದು. ರಿಟೈರ್ ಆದ್ಮೇಲೆ ನೀನು ಇಲ್ಲೇ ಇರ್ಬೇಕು, ಈಗ್ಲೇ ಹೇಳಿರ್ತೀನಿ. ಹಿಂದ್ಗಡೆ ಗಿಡ ಹಾಕೋಕೆ ಜಾಗ ಇದೆ."

"ನೀರು?" ಎಂದಳು ಅವಳು.

"ನೀರಿಗೇನು ಬರ? ಅಪ್ಪನ ಲೆಕ್ಕಾನೇ ಇದೆಯಲ್ಲ. ಮೊಮ್ಮಕ್ಕಳ ಕಾಲಕ್ಕೂ ಸಾಲುತ್ತೆ ಅಂತೆ."

ನಾಲಿಗೆಯ ತುದಿಗೆ ಬಂದಿತ್ತು. ಒಂದು ವಾಕ್ಯ, ಅಷ್ಟೇ. ಹೇಳಿದರೆ ಪುಟ್ಟಿ ಈಗಲೇ ಎದ್ದು ಬೀದಿ ದಾಟಿ ಅಪ್ಪನನ್ನು ಕೇಳುತ್ತಾಳೆ, ಅಪ್ಪ ಬಾಗಿಲು ಮುಚ್ಚಿ ಕೂರುತ್ತಾರೆ, ಇಷ್ಟು ಕಾಲ ಒಲೆಯ ಮೇಲಿಟ್ಟು ಕಾದದ್ದೆಲ್ಲ ಬೂದಿ. ಬೋರು ಕೊರೆದ ತಕ್ಷಣ ಬತ್ತುವುದಿಲ್ಲ, ಕೆಲವು ವರ್ಷವಾದರೂ ತಡೆಯುತ್ತದೆ, ಅಷ್ಟರೊಳಗೆ ನಾನೇ ಎಲ್ಲ ಬಯಲು ಮಾಡಿರುತ್ತೇನೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಬಾಯಲ್ಲಿ ಬಂದದ್ದು ಬೇರೆ: "ಅಡುಗೆಮನೆ ಕಿಟಕಿ ಇನ್ನೂ ಸ್ವಲ್ಪ ದೊಡ್ಡದಿಡಿ." ಪುಟ್ಟಿ ಪೆನ್ಸಿಲು ತೆಗೆದು ಕಿಟಕಿಯನ್ನು ದೊಡ್ಡದು ಮಾಡಿದಳು.

ಬೋರು ಕೆಲವು ವರ್ಷ ತಡೆಯಲಿಲ್ಲ. ಗೃಹಪ್ರವೇಶದ ಬಣ್ಣ ಮಾಸುವ ಮೊದಲೇ ಬಡಾವಣೆಯ ಬಾವಿಗಳು ಒಂದೊಂದಾಗಿ ಕೆಮ್ಮತೊಡಗಿದವು. ಮೊದಲು ಮಣ್ಣುನೀರು, ಆಮೇಲೆ ಬರೀ ಗಾಳಿ. ಪಂಪಿನವನನ್ನು ಬೈದರು, ಪೈಪಿನವನನ್ನು ಬೈದರು, ಇನ್ನೂ ಆಳಕ್ಕೆ ಕೊರೆಸಿದರು. ಪುಟ್ಟಿ ಮತ್ತು ಅವಳ ಗಂಡ ಇದ್ದಬದ್ದದ್ದನ್ನೆಲ್ಲ ಆ ಮನೆಗೆ ಸುರಿದಿದ್ದರು, ಮಾರೋಣವೆಂದರೆ ನೀರಿಲ್ಲದ ಮನೆಯನ್ನು ಯಾರೂ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಟ್ಯಾಂಕರಿನ ಹಿಂದೆ ಕೊಡ ಹಿಡಿದು ನಿಂತ ಪುಟ್ಟಿಯನ್ನು ಕಂಡ ದಿನ ಅವಳಿಗೆ ಸಂಕಟವಾಯಿತು. ಆ ಸಂಕಟವನ್ನೂ ಅವಳು ಭಾವನ ಖಾತೆಗೇ ಬರೆದಳು. ಇವನ ಜಂಬಕ್ಕೆ ನನ್ನ ಮಗು ಬೀದಿಯಲ್ಲಿ ನಿಂತಿದೆ ಎಂದು ಹೇಳಿಕೊಂಡಾಗ ಸೇಡಿಗೆ ನ್ಯಾಯದ ಬಣ್ಣವೂ ಬಂತು, ನಿದ್ದೆಯೂ ಬಂತು.

ಇನ್ನು ಕಾಯುವಂತಿರಲಿಲ್ಲ. ಭಾವನ ನಿವೃತ್ತಿ ಹತ್ತಿರವಾಗಿತ್ತು, ಕೇಂದ್ರ ದೊಡ್ಡ ಸಮಾರಂಭಕ್ಕೆ ಸಿದ್ಧವಾಗುತ್ತಿತ್ತು. ಅವಳು ನಿರ್ದೇಶಕಿಯ ಕೋಣೆಗೆ ಹೋದಳು. ನಿರ್ದೇಶಕಿ ಬೇರೆ ಕಡೆಯಿಂದ ವರ್ಗವಾಗಿ ಬಂದವರು, ಹಳೆಯ ಕಥೆಯೊಂದೂ ಅವರಿಗೆ ಗೊತ್ತಿರಲಿಲ್ಲ.

"ಮೇಡಂ, ದಾಖಲೆ ಮುಗಿಸೋದಾದ್ರೆ ಗೌರವದಿಂದ ಮುಗಿಸೋಣ. ಅತಿಥಿಗಳ ಎದುರಿಗೇ ತೊಟ್ಟಿ ಎತ್ತಿಸಿ ತೂಕ ಮಾಡಿ ತೋರಿಸೋಣ. ಇಷ್ಟು ವರ್ಷ ತಕ್ಕಡಿ ಸುಳ್ಳು ಹೇಳಿಲ್ಲ ಅಂತ ಜನ ನೋಡ್ಲಿ."

ನಿರ್ದೇಶಕಿಗೆ ಹಿಡಿಸಿತು. ಭಾವನಿಗಂತೂ ಹಿಡಿಸಿದ್ದೇ ಹಿಡಿಸಿದ್ದು. "ಜೀವಮಾನದಲ್ಲಿ ಒಂದ್ಸಲ ತಲೆ ಓಡಿಸಿದೆ ನೋಡು" ಎಂದು ಅವಳ ಬೆನ್ನು ತಟ್ಟಿದರು. ಅವಳು ಬೆನ್ನು ಕೊಟ್ಟಳು.

ಸಮಾರಂಭದ ದಿನ ತೊಟ್ಟಿಯ ಸುತ್ತ ಕುರ್ಚಿ ಹಾಕಿದ್ದರು. ಇಲಾಖೆಯವರು, ಪತ್ರಿಕೆಯವರು, ಅಂದಿನ ಸಭೆಯಲ್ಲಿ ನಕ್ಕ ಹಳೆಯ ತಲೆಗಳು, ಮುಂದಿನ ಸಾಲಿನಲ್ಲಿ ಪುಟ್ಟಿ ಮತ್ತು ಅವಳ ಗಂಡ. ಬೇರಿನ ವಿಷಯ ಗೊತ್ತಿದ್ದದ್ದು ಅಲ್ಲಿ ಒಬ್ಬಳಿಗೇ. ಭಾವ ಹೊಸ ಕೋಟು ಹಾಕಿಕೊಂಡು ಪೊದೆಯನ್ನು ಕೊನೆಯ ಸಲ ಸವರಿ ಕೈ ಬೀಸಿದರು. ಕ್ರೇನು ಗುರುಗುಟ್ಟಿತು, ಸರಪಳಿ ಬಿಗಿಯಿತು, ತೊಟ್ಟಿ ಒಂದು ಗೇಣು ಎದ್ದು ನಿಂತುಬಿಟ್ಟಿತು.

ಕ್ರೇನಿನವನು ತಲೆ ಹೊರಗೆ ಹಾಕಿದ. "ಸಾರ್, ಕೆಳಗಿಂದ ಯಾರೋ ಹಿಡ್ಕೊಂಡಿರೋ ಹಾಗಿದೆ!"

ಜನ ನಕ್ಕರು, ಭಾವನೂ ನಕ್ಕರು. "ನಮ್ಮಜ್ಜಿ ಅಷ್ಟು ಸುಲಭಕ್ಕೆ ಬರೋಳಲ್ಲಪ್ಪ, ಎಳಿ!" ಕ್ರೇನು ಮತ್ತೆ ಎಳೆಯಿತು. ನೆಲದೊಳಗಿನಿಂದ ಏನೋ ಲಟಲಟನೆ ಮುರಿದ ಸದ್ದು ಬಂತು, ತೊಟ್ಟಿ ಒಮ್ಮೆಲೇ ಮೇಲಕ್ಕೆ ಚಿಮ್ಮಿ ಗಾಳಿಯಲ್ಲಿ ತೂಗಾಡಿತು. ಅದರ ತಳದಿಂದ ತೋಳಿನ ಗಾತ್ರದ ಬೇರು ಜೋತುಬಿದ್ದಿತ್ತು. ಮುರಿದ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಇಲಾಖೆಯ ಎಂಜಿನಿಯರಿಗೆ ಮೊದಲು ಅರ್ಥವಾಯಿತು, ಅವರು ಕುರ್ಚಿಯಿಂದ ಎದ್ದುಬಿಟ್ಟರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರಿಗೂ ಅರ್ಥವಾಯಿತು. ಅವಳು ವರ್ಷಗಟ್ಟಲೆ ಮನಸ್ಸಿನಲ್ಲಿ ಮಸೆದಿಟ್ಟ ಮಾತನ್ನು ಹೊರತೆಗೆದಳು.

"ಏನು ಭಾವ, ಗಿಡ ಬೆವರುತ್ತೆ ಅಂತ ಈಗಲಾದ್ರೂ ಗೊತ್ತಾಯ್ತಾ? ಇನ್ನು ನೀವು ಕೂತ್ಕೊಳ್ಳಿ, ಸಾಕು."

ಆಹಾ, ಆ ಕ್ಷಣ! ಭಾವನ ಮುಖ ಸುಣ್ಣವಾದದ್ದು, ಹಿಂದಿನ ಸಾಲಿನಲ್ಲಿ ಯಾರೋ ತಡೆಯಲಾರದೆ ಕಿಸಕ್ಕೆಂದದ್ದು, ಹಳೆಯ ತಲೆಗಳೆಲ್ಲ ತಂತಮ್ಮ ಷೂ ನೋಡಿಕೊಂಡದ್ದು, ಒಂದನ್ನೂ ಬಿಡದೆ ಅವಳು ಕಣ್ಣು ತುಂಬಿಕೊಂಡಳು. ಹೊಟ್ಟೆ ತಣ್ಣಗಾಯಿತು. ನಿಜವಾಗಿ ತಣ್ಣಗಾಯಿತು, ಅದರಲ್ಲಿ ಎರಡು ಮಾತಿಲ್ಲ.

ಭಾವ ಗುಂಡಿಯ ಅಂಚಿಗೆ ಹೋಗಿ, ಹೊಸ ಕೋಟಿನಲ್ಲೇ ಮಂಡಿಯೂರಿ, ಕೆಳಗೆ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಎದ್ದಾಗ ಅವರ ಕಣ್ಣು ನೆಟ್ಟಗೆ ಅವಳ ಮೇಲೆ ಬಿತ್ತು. ಗೋಡೆಯ ಕ್ಲಿಪ್ಪುಗಳು ಅವಳಿಗೆ ನೆನಪಾದದ್ದು ಆಗ. ಇಲ್ಲದ ಬೇರನ್ನು ಬಳಸಿಕೊಂಡು ಯಾರೂ ತಂತಿ ಕಟ್ಟುವುದಿಲ್ಲ. ಅಷ್ಟು ಓರಣವಾಗಿ ಕಟ್ಟುವವರು ಕೇಂದ್ರದಲ್ಲಿ ಒಬ್ಬರೇ.

"ಕೆಳಗಿಳಿದು ನೋಡ್ಕೊಳ್ಳೋ ಕೆಲಸ ಯಾರದು?" ನಿರ್ದೇಶಕಿಯ ದನಿ ಚೂರಿಯಂತಿತ್ತು. "ಉಪಕರಣದ ಕೋಣೆಯದ್ದಲ್ವಾ?"

ಮುಂದಿನ ಸಾಲಿನಲ್ಲಿ ಪುಟ್ಟಿ ಎದ್ದು ನಿಂತಿದ್ದಳು.

"ಇಳೀಬೇಡ ಅಂತ ನಾನೇ ಅವಳಿಗೆ ಹೇಳಿದ್ದೆ" ಎಂದರು ಭಾವ. "ತಂತಿ ಅಲುಗಾಡಿದ್ರೆ ದಾಖಲೆ ಕೆಡುತ್ತೆ ಅಂತ ಕುಳಿಗೆ ಬೀಗ ಹಾಕಿಸಿದ್ದೆ. ಅವಳ ತಪ್ಪೇನೂ ಇಲ್ಲ. ಎಲ್ಲ ನನ್ನದೇ."

ಕುಳಿಗೆ ಎಂದೂ ಬೀಗವಿರಲಿಲ್ಲ. ಆದರೆ ಬಿದ್ದವನ ಮಾತನ್ನು ಅವನ ವಿರುದ್ಧವೇ ಇರುವಾಗ ಯಾರು ಅನುಮಾನಿಸುತ್ತಾರೆ? ಗುಂಡಿಯೊಳಗೆ ಬೇರು ಕಿತ್ತುಬಂದ ರಭಸಕ್ಕೆ ಸಡಿಲಾದ ಗಾರೆ ಕುಸಿದು ಗೋಡೆ ಸಮೇತ ಮುಚ್ಚಿಹೋಗುತ್ತಿತ್ತು, ಇನ್ನೊಬ್ಬರು ಬಗ್ಗಿ ನೋಡುವ ಹೊತ್ತಿಗೆ ಕ್ಲಿಪ್ಪುಗಳೂ ಮಣ್ಣಿನಡಿ ಸೇರಿದ್ದವು.

ಆಮೇಲಿನ ದಿನಗಳಲ್ಲಿ ಅವಳು ಬಯಸಿದ್ದೆಲ್ಲ ನಡೆಯಿತು. ಡೇರೆ ಗೋದಾಮಿನಿಂದ ಹೊರಬಂತು. ಬಯಲಿನ ಲೆಕ್ಕವನ್ನು ಹೊಸದಾಗಿ ಮಾಡಲು ನಿರ್ದೇಶಕಿ ಅವಳನ್ನೇ ಕೂರಿಸಿದರು. ಟೈಪಿಸ್ಟು ಎದ್ದು ನಿಂತು ನಮಸ್ಕಾರ ಹೇಳಿದಳು. ಬಡಾವಣೆಯ ಜನ ಭಾವನ ಮನೆಯ ಮುಂದೆ ಬಂದು ಬಾಯಿಗೆ ಬಂದಂತೆ ಬೈದು ಹೋದರು, ಅವರು ಕಿಟಕಿಯ ಪರದೆ ಎಳೆದುಕೊಂಡು ಒಳಗೇ ಇದ್ದರು. ಪುಟ್ಟಿ ಅಪ್ಪನ ಮನೆಗೆ ಬರುವುದನ್ನೇ ಬಿಟ್ಟಳು. ಚಿಕ್ಕಮ್ಮನ ಮಡಿಲಲ್ಲಿ ತಲೆಯಿಟ್ಟು ಚಿಕ್ಕವಳ ಹಾಗೆ ಅತ್ತಳು.

"ಸ್ವಂತ ಮಗಳು ಚಿಕ್ಕಮ್ಮ ನಾನು. ನನ್ನನ್ನೂ ಮುಳುಗಿಸಿದ್ರು. ನಿನ್ನ ಕೆಳಗೆ ಇಳಿಯೋಕೆ ಬಿಟ್ಟಿದ್ರೆ ನೀನು ಅವತ್ತೇ ಹೇಳ್ತಿದ್ದೆ, ಅಲ್ವಾ? ಇನ್ನು ನನಗೆ ಅಪ್ಪ ಇಲ್ಲ. ನೀನೊಬ್ಬಳೇ."

ಅವಳು ಪುಟ್ಟಿಯ ಕೂದಲು ಸವರುತ್ತ ಕೂತಳು. ಭಾವನ ಪದಕ ಹೋಯಿತು, ಮಾನ ಹೋಯಿತು, ಮಗಳೂ ಹೋದಳು. ಕೇಳಿದ್ದಕ್ಕಿಂತ ಹೆಚ್ಚೇ ಸಿಕ್ಕಿತ್ತು. ಆದರೂ ಅಂದಿನಿಂದ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ತಪ್ಪು ಮಾಡಿದೆನೆಂಬ ನೋವು ಅದಲ್ಲ, ಆ ನೋವಾಗಿದ್ದರೆ ಅವಳ ಬಗ್ಗೆ ಎರಡು ಒಳ್ಳೆಯ ಮಾತು ಹೇಳಬಹುದಿತ್ತು. ಅವನು ಯಾಕೆ ಸುಳ್ಳು ಹೇಳಿದ ಎಂಬ ಪ್ರಶ್ನೆ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಕೊನೆಗೆ ಒಂದು ಮಧ್ಯಾಹ್ನ ಬೀದಿ ದಾಟಿ ಭಾವನ ಬಾಗಿಲು ತಟ್ಟಿದಳು.

ಅವರು ಅಡುಗೆಮನೆಯಲ್ಲಿ ನಿಂತು ಒಣ ಬ್ರೆಡ್ ತಿನ್ನುತ್ತಿದ್ದರು. ಗಡ್ಡ ಬೆಳೆದಿತ್ತು. ಕೂರು ಎನ್ನಲಿಲ್ಲ.

"ಯಾಕೆ ಸುಳ್ಳು ಹೇಳಿದ್ರಿ?"

"ತಂತಿ ಚೆನ್ನಾಗಿ ಕಟ್ಟಿದೀಯ" ಎಂದರು ಭಾವ. "ಬೇರಿಗೆ ಒಂದು ಚೂರೂ ತಾಗದ ಹಾಗೆ. ಯಾವಾಗ ಕಟ್ಟಿದ್ದು ಅಂತ ನಾನು ಕೇಳಲ್ಲ. ಬಡಾವಣೆ ಆಗೋದಕ್ಕೆ ಮುಂಚೆ ಅಂತ ಕ್ಲಿಪ್ಪಿನ ತುಕ್ಕು ನೋಡಿದ್ರೇ ಗೊತ್ತಾಗ್ತಿತ್ತು."

"ಹೇಳ್ಬೇಕಾಗಿತ್ತು ಎಲ್ಲರೆದುರಿಗೆ! ನನ್ನನ್ನೂ ಎಳೀಬೇಕಾಗಿತ್ತು!"

"ಎಳೆದು? ಅವಳಿಗೆ ಅಮ್ಮ ಇಲ್ಲ. ಅಪ್ಪ ಅವತ್ತು ಅಲ್ಲೇ ಹೋದ. ನೀನೂ ಹೋದ್ರೆ ಆ ಮಗೂಗೆ ಯಾರಿದಾರೆ?" ಬ್ರೆಡ್ಡಿನ ಚೂರನ್ನು ತಟ್ಟೆಯಲ್ಲಿಟ್ಟರು. "ಡೇರೆ ವಿಷಯದಲ್ಲಿ ನಾನು ತಪ್ಪು. ಅವತ್ತೇ ನನಗೆ ಅನುಮಾನ ಬಂದಿತ್ತು, ಹೆದ್ರಿಕೊಂಡು ನಗಿಸಿಬಿಟ್ಟೆ. ಅದಕ್ಕೆ ಇದು ಸರಿಹೋಯ್ತು ಅಂದ್ಕೋ. ಅವಳನ್ನ ನೀನು ಇಟ್ಕೋ. ಚೆನ್ನಾಗಿ ನೋಡ್ಕೋ."

ಇಟ್ಕೋ ಅಂತೆ! ತಾನು ಸಾಕಿದ ಮಗುವನ್ನು ಇವನು ತನಗೆ ದಾನ ಮಾಡುತ್ತಿದ್ದಾನೆ. ಮೈಯೆಲ್ಲ ಬೆಂಕಿ ಬಿದ್ದಂತಾಯಿತು. ಎಷ್ಟೋ ವರ್ಷ ಕೇಳಬೇಕೆಂದು ಹಂಬಲಿಸಿದ 'ನಾನು ತಪ್ಪು' ಎಂಬ ಮಾತು ಕಿವಿಗೆ ಬಿದ್ದೂ ಅವಳಿಗೆ ತಾಗಲಿಲ್ಲ. ಮುಂದೆ ಪುಟ್ಟಿ ಚಿಕ್ಕಮ್ಮ ಎಂದಾಗಲೆಲ್ಲ, ಒಂದು ಲೋಟ ನೀರು ಕೊಟ್ಟಾಗಲೆಲ್ಲ ಅದು ಇವನು ಹಾಕಿದ ಭಿಕ್ಷೆ. ಬೀಳಿಸಿದ್ದು ತಾನು, ದೊಡ್ಡವನಾದದ್ದು ಅವನು. ಇದನ್ನು ಮಾತ್ರ ಬಿಟ್ಟುಕೊಡುವುದಿಲ್ಲ ಎಂದು ಅವಳು ಅಲ್ಲಿಂದ ನೇರ ಬಡಾವಣೆಯ ಬಸ್ಸು ಹತ್ತಿ ನಿಂತಳು.

ಟ್ಯಾಂಕರು ಆಗ ತಾನೇ ಬಂದಿತ್ತು. ಪುಟ್ಟಿ ಪೈಪಿನ ಕೆಳಗೆ ಕೊಡ ಹಿಡಿದಿದ್ದಳು, ಸೆರಗು ಒದ್ದೆಯಾಗಿತ್ತು. ಚಿಕ್ಕಮ್ಮನನ್ನು ಕಂಡು ಮುಖ ಅರಳಿತು.

"ಒಂದು ಫೋನ್ ಮಾಡಿದ್ರೆ ಇವರನ್ನ ಬಸ್‌ಸ್ಟಾಪಿಗೆ ಕಳಿಸ್ತಿದ್ನಲ್ಲ! ಬಾ, ಒಳಗೆ ಬಾ, ಬಿಸಿಲು."

"ಕುಳಿಗೆ ಬೀಗ ಇರ್ಲಿಲ್ಲ ಪುಟ್ಟಿ" ಎಂದಳು ಅವಳು ಬೀದಿಯಲ್ಲೇ ನಿಂತು. "ನಾನು ಇಳಿದಿದ್ದೆ. ಬೇರು ನೋಡಿದ್ದೆ. ನನಗೆ ಗೊತ್ತಿತ್ತು."

ಕೊಡ ತುಂಬಿ ನೀರು ಕಾಲಿನ ಮೇಲೆ ಹರಿಯತೊಡಗಿತು. ಪುಟ್ಟಿ ಅದನ್ನು ಗಮನಿಸಲಿಲ್ಲ.

"ಯಾವಾಗಿಂದ?"

"ನೀನು ನಕ್ಷೆ ತಂದು ತೋರಿಸಿದಾಗ್ಲೇ ಗೊತ್ತಿತ್ತು."

ಹಿಂದೆ ನಿಂತವರು ನೀರು ಹಾಳಾಗ್ತಿದೆ ಎಂದು ಗೊಣಗಿದರು. ಪುಟ್ಟಿ ಕೊಡವನ್ನು ಬದಿಗೆ ಸರಿಸಿದಳು. ಅವಳು ಕೂಗುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡು ಚಿಕ್ಕಮ್ಮ ನಿಂತೇ ಇದ್ದಳು. ಪುಟ್ಟಿ ಮೆಲ್ಲಗೆ ಕೇಳಿದಳು.

"ಇಷ್ಟು ದಿನ ಬಾಯಿ ಮುಚ್ಕೊಂಡಿದ್ದು, ಈಗ ಯಾಕೆ ಹೇಳ್ತಿದೀಯ?"

ಮನಸ್ಸು ತಡೆಯಲಿಲ್ಲ ಎನ್ನಬಹುದಿತ್ತು. ನಿನ್ನ ಕಷ್ಟ ನೋಡಲಾಗಲಿಲ್ಲ ಎನ್ನಬಹುದಿತ್ತು. ಎರಡೂ ಅವಳ ಬಾಯಿಗೆ ಬರಲಿಲ್ಲ.

"ನಿಮ್ಮಪ್ಪ ನನ್ನನ್ನ ಉಳಿಸೋಕೆ ಸುಳ್ಳು ಹೇಳಿದ. ಅವನ ಉಪಕಾರ ನನಗೆ ಬೇಡ."

ಪುಟ್ಟಿ ಅವಳ ಮುಖವನ್ನೇ ನೋಡಿದಳು, ಗುರುತು ಹತ್ತದವರನ್ನು ನೋಡುವ ಹಾಗೆ.

"ಅಂದ್ರೆ ಇವತ್ತೂ ನೀನು ನನಗೋಸ್ಕರ ಬಂದಿದ್ದಲ್ಲ."

ಉತ್ತರಕ್ಕೆ ಕಾಯದೆ ಕೊಡವನ್ನು ಸೊಂಟಕ್ಕೇರಿಸಿಕೊಂಡು ಒಳಗೆ ಹೋದಳು, ಕಾಲಿನಿಂದಲೇ ಬಾಗಿಲು ತಳ್ಳಿ ಮುಚ್ಚಿದಳು. ಚಿಕ್ಕಮ್ಮ ಮೆಟ್ಟಿಲ ಹತ್ತಿರ ನಿಂತೇ ಇದ್ದಳು. ಅಡುಗೆಮನೆಯ ಆ ದೊಡ್ಡ ಕಿಟಕಿ ತೆರೆದಿತ್ತು, ಒಳಗಿನ ಮಾತು ಹೊರಗೆ ಚೆನ್ನಾಗಿ ಕೇಳುತ್ತಿತ್ತು. ಪುಟ್ಟಿ ಫೋನು ಹಚ್ಚಿದ್ದಳು.

"ಅಪ್ಪಾ... ಹೂಂ, ನಾನೇ. ಊಟ ಆಯ್ತಾ?"